ತೂಕ ಇಳಿಸಲು ಹೊರಟವರು ಮನಸ್ಸಿನ ಕಡೆ ಯಾಕೆ ನೋಡಬೇಕು, ಹೇಗೆ ನೋಡಬೇಕು

ರಾತ್ರಿ ಹತ್ತೂವರೆ. ಊಟ ಆಗಿ ಎರಡು ಗಂಟೆ ಕಳೆದಿದೆ, ಹೊಟ್ಟೆ ತುಂಬಿದೆ. ಆದರೂ ಅಡುಗೆಮನೆಯ ಲೈಟ್ ಕೂಡ ಹಾಕದೆ, ಫ್ರಿಜ್ ಬಾಗಿಲು ತೆರೆದು, ಅದರ ಬೆಳಕಲ್ಲೇ ನಿಂತು ಏನೋ ತಿನ್ನುತ್ತಿರುತ್ತೇವೆ. ರುಚಿ ಗೊತ್ತಾಗುತ್ತಿರುವುದಿಲ್ಲ. ಸಂಜೆ ಯಾರೋ ಆಡಿದ ಮಾತು ತಲೆಯಲ್ಲಿ ತಿರುಗುತ್ತಿರುತ್ತದೆ, ಕೈ ತನ್ನ ಪಾಡಿಗೆ ಬಾಯಿಗೆ ಹೋಗಿ ಬರುತ್ತಿರುತ್ತದೆ. ನಾನು ಹೀಗೆ ನಿಂತ ರಾತ್ರಿಗಳು ಬಹಳ. ಹಗಲೆಲ್ಲ ಲೆಕ್ಕ ಹಾಕಿ ತಿಂದು, ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಮಾಡಿ, ಆಮೇಲೂ ತೂಕ ಯಾಕೆ ಇಳಿಯುತ್ತಿಲ್ಲ ಅಂತ ವರ್ಷಗಟ್ಟಲೆ ನನಗೆ ಅರ್ಥವೇ ಆಗಲಿಲ್ಲ. ಉತ್ತರ ಆ ಹತ್ತೂವರೆಯ ಹೊತ್ತಿನಲ್ಲೇ ಇತ್ತು.

ಡಯಟ್ ಚಾರ್ಟ್ ಕೊಡುವವರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳುತ್ತಾರೆ. ಯಾಕೆ ತಿನ್ನುತ್ತೀರಿ ಅಂತ ಕೇಳುವವರು ಕಡಿಮೆ. ಕ್ಯಾಲರಿ ಲೆಕ್ಕ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಖರ್ಚಾಗುವುದಕ್ಕಿಂತ ಕಡಿಮೆ ತಿಂದರೆ ತೂಕ ಇಳಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕಡಿಮೆ ತಿನ್ನುವ ಕೆಲಸವನ್ನು ತಿಂಗಳುಗಟ್ಟಲೆ ಮಾಡಬೇಕಾದದ್ದು ಮನಸ್ಸು. ಅದು ನೊಂದಿದ್ದರೆ, ದಣಿದಿದ್ದರೆ, ಚಾರ್ಟ್ ಎಷ್ಟು ಚೆನ್ನಾಗಿದ್ದರೂ ಎರಡನೇ ವಾರಕ್ಕೇ ಕೈ ತಪ್ಪುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ

ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಚಿಕ್ಕ ಗ್ರಂಥಿಗಳಿವೆ, ಅಡ್ರಿನಲ್ ಅಂತ ಹೆಸರು. ಗಾಬರಿ, ಒತ್ತಡ ಆದಾಗ ಅವು ಕಾರ್ಟಿಸೋಲ್ ಎಂಬ ಹಾರ್ಮೋನ್ ಬಿಡುತ್ತವೆ. ಓಡಿ ತಪ್ಪಿಸಿಕೊಳ್ಳಲು ಬೇಕಾದ ಸಕ್ಕರೆ ರಕ್ತಕ್ಕೆ ಸಿಗಲಿ ಅಂತ ದೇಹ ಮಾಡಿಕೊಂಡ ವ್ಯವಸ್ಥೆ ಇದು. ಒಮ್ಮೆಲೇ ಬಂದು ಹೋಗುವ ಗಾಬರಿಯಲ್ಲಿ ಹಸಿವು ಸತ್ತುಹೋಗುತ್ತದೆ, ಪರೀಕ್ಷೆಯ ದಿನ ಊಟ ಸೇರುವುದಿಲ್ಲ ಅಲ್ವಾ, ಹಾಗೆ. ಆದರೆ ಒತ್ತಡ ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆದರೆ ಎಷ್ಟೋ ಜನರಲ್ಲಿ ಕತೆ ತಿರುಗುತ್ತದೆ. ಹಸಿವು ಜಾಸ್ತಿ ಆಗುತ್ತದೆ, ಅದೂ ಸಿಹಿ ಮತ್ತು ಜಿಡ್ಡಿನ ತಿಂಡಿಗಳ ಕಡೆಗೇ ಮನಸ್ಸು ಎಳೆಯುತ್ತದೆ, ಬಂದ ಕೊಬ್ಬು ಹೊಟ್ಟೆಯ ಸುತ್ತ ಸೇರುವುದೂ ಜಾಸ್ತಿ. ಅದಕ್ಕೇ ಕೆಲಸದ ಟೆನ್ಷನ್ ಇರುವಾಗ ಯಾರಿಗೂ ಸೊಪ್ಪು ತರಕಾರಿ ನೆನಪಾಗುವುದಿಲ್ಲ.

ಖಿನ್ನತೆಯ ವಿಷಯದಲ್ಲಿ ಸಂಬಂಧ ಎರಡೂ ಕಡೆಯಿಂದ ಇದೆ. ಜನರನ್ನು ವರ್ಷಗಟ್ಟಲೆ ಗಮನಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಒಂದು ವಿಶ್ಲೇಷಣೆ ಬಂತು. ಖಿನ್ನತೆ ಇದ್ದವರಿಗೆ ಮುಂದೆ ಬೊಜ್ಜು ಬರುವ ಸಾಧ್ಯತೆ 58% ಹೆಚ್ಚು, ಬೊಜ್ಜು ಇದ್ದವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ 55% ಹೆಚ್ಚು ಅಂತ ಅದರಲ್ಲಿ ಕಂಡಿತು.

ಇನ್ನೊಂದು ಹಳೆಯ ಪ್ರಯೋಗ, ಡಯಟ್ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು ಅಂತ ನನಗೆ ಅನಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಅವರ ಒಪ್ಪಿಗೆ ಪಡೆದು 24 ವಾರ ಅರೆಹೊಟ್ಟೆ ಊಟ ಕೊಟ್ಟರು. ತೂಕ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ಮನಸ್ಸೂ ಇಳಿಯಿತು. ಮಂಕು, ಸಿಡುಕು, ಯಾರ ಜೊತೆಗೂ ಬೆರೆಯಲು ಇಷ್ಟವಿಲ್ಲ, ಹಗಲು ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಓದತೊಡಗಿದರು. ಇವರೆಲ್ಲ ಆಯ್ದು ತಂದ ಗಟ್ಟಿ ಮನಸ್ಸಿನ ಹುಡುಗರು. ಹಾಗಾಗಿ ಕಠಿಣ ಡಯಟ್ ಹಿಡಿದ ಹತ್ತನೇ ದಿನಕ್ಕೆ ನೀವು ಮನೆಯವರ ಮೇಲೆ ರೇಗುತ್ತಿದ್ದರೆ, ಊಟದ ವೀಡಿಯೊಗಳನ್ನೇ ನೋಡುತ್ತಾ ಕೂತಿದ್ದರೆ, ಅದು ನಿಮ್ಮ ಸ್ವಭಾವದ ದೋಷವಲ್ಲ. ಡಯಟ್ ಅತಿಯಾಗಿದೆ ಅಂತ ದೇಹ ಹೇಳುತ್ತಿದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಬೇಕಾದಷ್ಟಾಯಿತು.

ಈಗ ಕೆಲಸಕ್ಕೆ ಬರೋಣ.

ಹೆಜ್ಜೆ 1: ಎರಡು ವಾರ ಏನನ್ನೂ ಬಿಡಬೇಡಿ, ಬರೆದಿಡಿ

ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿನಲ್ಲೂ ಬರೆಯಬಹುದು, ಆದರೆ ಫೋನ್ ಕೈಗೆತ್ತಿಕೊಂಡರೆ ಬೇರೆಲ್ಲೋ ಹೋಗಿಬಿಡುತ್ತೇವೆ, ಅದಕ್ಕೇ ಕಾಗದ ವಾಸಿ. ಊಟ ತಿಂಡಿ ಏನೇ ತಿಂದರೂ ನಾಲ್ಕು ವಿಷಯ ಬರೆಯಿರಿ. ಎಷ್ಟು ಹೊತ್ತಿಗೆ, ಏನು, ಹಸಿವು ಹತ್ತಕ್ಕೆ ಎಷ್ಟಿತ್ತು, ಅದಕ್ಕೆ ಸ್ವಲ್ಪ ಮೊದಲು ಏನು ನಡೆದಿತ್ತು. ಕ್ಯಾಲರಿ ಬರೆಯಬೇಡಿ. ಸರಿ ತಪ್ಪು ಅಂತ ಷರಾ ಹಾಕಬೇಡಿ.

ನನ್ನ ಪುಸ್ತಕದ ಒಂದು ಸಾಲು ಹೀಗಿತ್ತು: "6.20, ಬಿಸ್ಕತ್ತು ಅರ್ಧ ಪ್ಯಾಕೆಟ್, ಹಸಿವು 3, ಬ್ಯಾಗ್ ಹೆಗಲಲ್ಲೇ ಇತ್ತು." ಆ ಕೊನೆಯ ಮಾತು ಬರೆಯುವಾಗ ನಾನು ಸುಮ್ನೆ ಕೂತುಬಿಟ್ಟೆ. ಕೆಲಸದಿಂದ ಬಂದು ಬ್ಯಾಗ್ ಇಳಿಸುವಷ್ಟೂ ತಾಳ್ಮೆ ಇಲ್ಲದೆ ಡಬ್ಬಿಗೆ ಕೈ ಹಾಕಿದ್ದೆ, ಅದೂ ಹಸಿವಿಲ್ಲದೆ. ಒಂಬತ್ತನೇ ದಿನದ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಹಸಿವಿಲ್ಲದೆ ತಿಂದದ್ದೆಲ್ಲ ಎರಡೇ ಹೊತ್ತಿನಲ್ಲಿ, ಮನೆಗೆ ಬಂದ ತಕ್ಷಣ ಮತ್ತು ಮಲಗುವ ಮುಂಚೆ. ರಜೆಯ ದಿನಗಳಲ್ಲಿ ಅದು ಇರಲೇ ಇಲ್ಲ. ಇಡೀ ದಿನದ ಊಟ ಬದಲಿಸುವ ಅಗತ್ಯವೇ ಇರಲಿಲ್ಲ ನನಗೆ, ಈ ಎರಡು ಹೊತ್ತನ್ನು ನೋಡಿಕೊಂಡರೆ ಸಾಕಿತ್ತು.

ಬರೆಯುತ್ತಾ ಹೋದ ಹಾಗೆ ಹೊಟ್ಟೆಯ ಹಸಿವು ಯಾವುದು, ಮನಸ್ಸಿನ ಹಸಿವು ಯಾವುದು ಅಂತ ಗೊತ್ತಾಗತೊಡಗುತ್ತದೆ. ಹೊಟ್ಟೆಯ ಹಸಿವು ನಿಧಾನಕ್ಕೆ ಏರುತ್ತದೆ, ಏನು ಕೊಟ್ಟರೂ ಆದೀತು ಅನ್ನುತ್ತದೆ, ತುಂಬಿದ ಮೇಲೆ ನಿಲ್ಲುತ್ತದೆ. ಮನಸ್ಸಿನ ಹಸಿವು ದಿಢೀರ್ ಅಂತ ಬರುತ್ತದೆ, ಇಂಥದ್ದೇ ಬೇಕು ಅನ್ನುತ್ತದೆ, ತುಂಬಿದರೂ ನಿಲ್ಲುವುದಿಲ್ಲ, ಆಮೇಲೆ ಒಂದು ಥರ ಬೇಜಾರು ಉಳಿಯುತ್ತದೆ. ಇಲ್ಲೊಂದು ಎಚ್ಚರಿಕೆ. ಮಧ್ಯಾಹ್ನ ಊಟ ಬಿಟ್ಟವರಿಗೆ ಸಂಜೆ ಬರುವ ಹಸಿವು ಕೂಡ ದಿಢೀರ್ ಅಂತಲೇ ಬರುತ್ತದೆ, ಸಿಹಿಯೇ ಬೇಕು ಅನ್ನುತ್ತದೆ. ಅದು ನಿಜವಾದ ಹಸಿವು. ಅದನ್ನು ಮನಸ್ಸಿನ ಮೇಲೆ ಹಾಕಿ ತಡೆಹಿಡಿದರೆ ರಾತ್ರಿಗೆ ಬಡ್ಡಿ ಸಮೇತ ವಸೂಲಾಗುತ್ತದೆ. ಹೊತ್ತು ಹೊತ್ತಿಗೆ ಊಟ ಮಾಡುವುದು ಈ ಇಡೀ ಕೆಲಸದ ಅಡಿಪಾಯ.

ಹೆಜ್ಜೆ 2: ನಿದ್ದೆ

ಎಲ್ಲಕ್ಕಿಂತ ಮೊದಲು ಒಂದೇ ಒಂದನ್ನು ಸರಿಮಾಡಿ ಅಂದರೆ ನಾನು ಹೇಳುವುದು ನಿದ್ದೆ. ಜನ ಇದನ್ನು ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಹಸಿವು ಎಬ್ಬಿಸುವ ಹಾರ್ಮೋನ್ ಗ್ರೆಲಿನ್. ಸಾಕು ಅನ್ನುವ ಹಾರ್ಮೋನ್ ಲೆಪ್ಟಿನ್. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಮಂದಿ ಯುವಕರಿಗೆ ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಲು ಬಿಟ್ಟು ನೋಡಿದರು. ಹತ್ತು ಗಂಟೆ ಮಲಗಿದ ದಿನಗಳಿಗೆ ಹೋಲಿಸಿದರೆ ಲೆಪ್ಟಿನ್ 18% ಕಡಿಮೆ, ಗ್ರೆಲಿನ್ 28% ಹೆಚ್ಚು. ಎರಡೇ ರಾತ್ರಿಗೆ ಹೀಗೆ. ಅದೇ ವಿಶ್ವವಿದ್ಯಾಲಯದ 2010ರ ಅಧ್ಯಯನ ಇನ್ನೂ ಕಣ್ಣು ತೆರೆಸುವಂಥದ್ದು. ಒಂದೇ ಥರದ ಡಯಟ್, ಎರಡು ವಾರ ಎಂಟೂವರೆ ಗಂಟೆ ಮಲಗುವ ಅವಕಾಶ, ಇನ್ನೆರಡು ವಾರ ಐದೂವರೆ ಗಂಟೆ. ಎರಡೂ ಸಲ ತೂಕ ಹೆಚ್ಚು ಕಡಿಮೆ ಅಷ್ಟೇ ಇಳಿಯಿತು, ಆದರೆ ನಿದ್ದೆ ಕಡಿಮೆಯಾದಾಗ ಇಳಿದ ತೂಕದಲ್ಲಿ ಕೊಬ್ಬಿನ ಪಾಲು 55% ಕಡಿಮೆ. ಕೊಬ್ಬು ಕರಗಿದ್ದು ಕಡಿಮೆ, ಮಾಂಸಖಂಡದಂಥ ಕೊಬ್ಬಲ್ಲದ ಭಾಗ ಕರಗಿದ್ದೇ ಜಾಸ್ತಿ. ಅಷ್ಟು ಕಷ್ಟಪಟ್ಟು ಬಾಯಿ ಕಟ್ಟಿ ಕೊನೆಗೆ ಮಾಂಸಖಂಡ ಕಳೆದುಕೊಳ್ಳುವುದು ಯಾರಿಗೆ ಬೇಕು?

ಒಳ್ಳೆಯ ಸುದ್ದಿಯೂ ಇದೆ. ಆರೂವರೆ ಗಂಟೆಗಿಂತ ಕಡಿಮೆ ನಿದ್ದೆ ಮಾಡುತ್ತಿದ್ದ, ತೂಕ ಹೆಚ್ಚಿದ್ದ 80 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅರ್ಧದಷ್ಟು ಜನರಿಗೆ ನಿದ್ದೆ ಹೇಗೆ ಹೆಚ್ಚಿಸಿಕೊಳ್ಳಬೇಕು ಅಂತ ಮಾತ್ರ ಹೇಳಿಕೊಟ್ಟರು, ಊಟದ ಬಗ್ಗೆ ಚಕಾರ ಎತ್ತಲಿಲ್ಲ. ಅವರ ನಿದ್ದೆ ಸುಮಾರು ಒಂದು ಗಂಟೆ ಹತ್ತು ನಿಮಿಷ ಹೆಚ್ಚಾಯಿತು. ಉಳಿದವರಿಗೆ ಹೋಲಿಸಿದರೆ ಅವರು ತಮಗೇ ಗೊತ್ತಿಲ್ಲದೆ ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆ ತಿಂದರು.

ಮಾಡಬೇಕಾದದ್ದು ಇಷ್ಟು. ಏಳುವ ಹೊತ್ತನ್ನು ರಜೆಯ ದಿನವೂ ಬದಲಿಸಬೇಡಿ. ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಮಧ್ಯಾಹ್ನದ ನಂತರ ಕಾಫಿ ಬಿಡಿ, ಕುಡಿದ ಕೆಫೀನ್ ಅರ್ಧ ಇಳಿಯಲೇ ಐದು ಗಂಟೆಯ ಹತ್ತಿರ ಬೇಕು. ಜೋರಾಗಿ ಗೊರಕೆ ಬಂದು, ಎಷ್ಟು ಮಲಗಿದರೂ ಹಗಲು ತೂಕಡಿಕೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು.

ಹೆಜ್ಜೆ 3: ಆಸೆ ಎದ್ದಾಗ ಹತ್ತು ನಿಮಿಷ

ತಿನ್ನಬೇಕು ಅನ್ನುವ ಎಳೆತ ಅಲೆಯ ಹಾಗೆ. ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಕುಡಿತದ ಚಟ ಬಿಡಿಸುವ ಚಿಕಿತ್ಸೆಯಲ್ಲಿ ಕೆಲಸ ಮಾಡಿದ ಅಲನ್ ಮಾರ್ಲಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಈ ಉಪಾಯವನ್ನು ಬಳಕೆಗೆ ತಂದರು. ಅಲೆಯ ವಿರುದ್ಧ ಈಜಬೇಡಿ, ಮುಳುಗಲೂ ಬೇಡಿ, ಅದರ ಮೇಲೆ ತೇಲಿ.

ಹೇಗೆ ಅಂದರೆ, ಫ್ರಿಜ್ ಹತ್ತಿರ ಹೋದಿರಿ, ಹಸಿವಿಲ್ಲ ಅಂತ ಗೊತ್ತಾಯಿತು. ಅಲ್ಲಿಂದ ನಾಲ್ಕು ಹೆಜ್ಜೆ ದೂರ ಬಂದು ಕುಳಿತುಕೊಳ್ಳಿ. ಗಡಿಯಾರ ನೋಡಿಕೊಳ್ಳಿ. ಈ ಎಳೆತ ಮೈಯಲ್ಲಿ ಎಲ್ಲಿದೆ ಅಂತ ಹುಡುಕಿ. ಗಂಟಲಲ್ಲಾ, ಎದೆಯಲ್ಲಾ, ದವಡೆಯಲ್ಲಾ? ಅಲ್ಲಿಗೇ ಗಮನ ಕೊಟ್ಟು ಉಸಿರನ್ನು ನಿಧಾನಕ್ಕೆ ಬಿಡಿ. ಆಮೇಲೆ ಒಂದು ಪ್ರಶ್ನೆ: ನನಗೆ ಈಗ ನಿಜವಾಗಿ ಏನಾಗಿದೆ? ಸಿಟ್ಟು ಅಂತ ಉತ್ತರ ಬರಬಹುದು. ಸುಸ್ತು ಅಂತ ಬರಬಹುದು. ಯಾರೂ ಮಾತಾಡಿಸಲಿಲ್ಲ ಅಂತಲೂ ಬರಬಹುದು, ಆ ಉತ್ತರ ಬಂದಾಗ ಕಣ್ಣು ತುಂಬಿದರೆ ತುಂಬಲಿ, ಬಿಡಿ. ಹತ್ತು ನಿಮಿಷ ಆದ ಮೇಲೂ ತಿನ್ನಬೇಕು ಅನಿಸಿದರೆ ತಿನ್ನಿ. ಆದರೆ ತಟ್ಟೆಗೆ ಹಾಕಿಕೊಂಡು, ಕುಳಿತು, ಲೈಟ್ ಹಾಕಿಕೊಂಡು ತಿನ್ನಿ. ಬಚ್ಚಿಟ್ಟು ತಿನ್ನುವುದು ನಿಂತರೇ ಅರ್ಧ ಭಾರ ಇಳಿಯುತ್ತದೆ.

ಸಿಕ್ಕ ಉತ್ತರಕ್ಕೆ ತಕ್ಕ ಮದ್ದು ಬೇಕು. ಸುಸ್ತಾಗಿದ್ದವರಿಗೆ ವ್ಯಾಯಾಮ ಮಾಡಿ ಅಂದರೆ ಹೇಗೆ? ಅವರು ಹತ್ತು ನಿಮಿಷ ಕಣ್ಣು ಮುಚ್ಚಿ ಮಲಗಬೇಕು. ಸಿಟ್ಟಿದ್ದರೆ ಬಿರಬಿರನೆ ನಡೆಯಿರಿ, ಅಥವಾ ಅನ್ನಬೇಕಾದ್ದನ್ನೆಲ್ಲ ಕಾಗದದ ಮೇಲೆ ಬರೆದು ಹರಿದುಹಾಕಿ. ಒಂಟಿತನಕ್ಕೆ ಒಂದು ಫೋನ್ ಕಾಲ್. ಬೇಸರಕ್ಕೆ ಕೈಗೆ ಕೆಲಸ. ಇದನ್ನು ಆ ಹೊತ್ತಿಗೆ ಯೋಚಿಸುತ್ತೇನೆ ಅಂದರೆ ಆಗುವುದಿಲ್ಲ, ಆಗ ತಲೆ ಓಡುವುದಿಲ್ಲ. ಮೊದಲೇ "ಹೀಗಾದರೆ ಹೀಗೆ ಮಾಡುತ್ತೇನೆ" ಅಂತ ಬರೆದಿಟ್ಟುಕೊಳ್ಳಿ. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ಇಂಥ ವಾಕ್ಯಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ, ಬರೀ "ಕಡಿಮೆ ತಿನ್ನಬೇಕು" ಎಂಬ ಸಂಕಲ್ಪಕ್ಕಿಂತ ಇದು ಚೆನ್ನಾಗಿ ನಡೆಯುತ್ತದೆ. ನನ್ನದು ಹೀಗಿತ್ತು: ಮನೆಗೆ ಬಂದು ಚಪ್ಪಲಿ ಬಿಟ್ಟರೆ, ಬ್ಯಾಗ್ ಇಳಿಸಿ, ಮುಖ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಅಡುಗೆಮನೆ. ಅಷ್ಟೇ. ಎಷ್ಟೋ ದಿನ ಮುಖ ತೊಳೆಯುವ ಹೊತ್ತಿಗೆ ಅಲೆ ಇಳಿದಿರುತ್ತಿತ್ತು.

ಅಭ್ಯಾಸ 21 ದಿನಕ್ಕೆ ಬರುತ್ತದೆ ಅನ್ನುವ ಮಾತು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನದಲ್ಲಿ ಕಂಡಿದ್ದು ಸುಮಾರು 66 ದಿನ, ಅದೂ ಒಬ್ಬೊಬ್ಬರಿಗೆ 18ರಿಂದ 254 ದಿನಗಳ ತನಕ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಅಂತಲೂ ಅದರಲ್ಲೇ ಕಂಡಿತು.

ಹೆಜ್ಜೆ 4: ತಪ್ಪಿದ ದಿನ ಏನು ಮಾಡುತ್ತೀರಿ?

ನನ್ನ ಪ್ರಕಾರ ತೂಕ ಇಳಿಯುವುದೂ ಬಿಡುವುದೂ ಇಲ್ಲೇ ನಿರ್ಧಾರವಾಗುತ್ತದೆ. ಜಾಸ್ತಿ ತಿಂದ ದಿನ ಇದ್ದೇ ಇರುತ್ತದೆ. ಆ ದಿನದ ಮುಂದಿನ ಒಂದು ಗಂಟೆ ನಿಮ್ಮ ಜೊತೆ ನೀವು ಹೇಗೆ ಮಾತಾಡುತ್ತೀರಿ ಅನ್ನುವುದನ್ನು ನೋಡಿ.

1975ರಲ್ಲಿ ಒಂದು ಪ್ರಯೋಗ ನಡೆಯಿತು. ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಂ ಇಟ್ಟು ಬೇಕಾದಷ್ಟು ತಿನ್ನಿ ಅಂದರು. ಡಯಟ್ ಯೋಚನೆ ಇಲ್ಲದವರು ಹೊಟ್ಟೆ ತುಂಬಿತ್ತು ಅಂತ ಕಡಿಮೆ ತಿಂದರು. ಸದಾ ಡಯಟ್ ಮಾಡುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತೇವಲ್ಲ, ಅದೇ. "ಇವತ್ತು ಹೇಗೂ ಕೆಟ್ಟಿತು, ನಾಳೆಯಿಂದ ನೋಡೋಣ." ಎರಡು ಬಿಸ್ಕತ್ತಿನಿಂದ ಯಾರೂ ದಪ್ಪ ಆಗುವುದಿಲ್ಲ. ಆ ಎರಡರ ನಂತರ, ಹೇಗೂ ಕೆಟ್ಟಿತು ಅಂತ ಖಾಲಿ ಮಾಡಿದ ಪ್ಯಾಕೆಟ್ಟಿನಿಂದ ಆಗುತ್ತಾರೆ.

2007ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಇದರ ಮದ್ದು ಇದೆ. 84 ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಡೋನಟ್ ತಿಂದ ಮೇಲೆ, "ಎಲ್ಲರೂ ಒಮ್ಮೊಮ್ಮೆ ಹೀಗೆ ತಿನ್ನುತ್ತಾರೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ" ಅಂತ ಹೇಳಿದರು. ಊಟದ ಬಗ್ಗೆ ಕಟ್ಟುನಿಟ್ಟಾಗಿದ್ದವರ ಪೈಕಿ ಈ ಮಾತು ಕೇಳಿಸಿಕೊಂಡವರು ಆಮೇಲೆ ಇಟ್ಟ ಮಿಠಾಯಿಯನ್ನು ಕಡಿಮೆ ತಿಂದರು. ಬೈಗುಳ ತಿಂದ ಮನಸ್ಸು ಸಮಾಧಾನಕ್ಕೆ ಮತ್ತೆ ಡಬ್ಬಿಯ ಹತ್ತಿರವೇ ಹೋಗುತ್ತದೆ.

ಹಾಗಾಗಿ ತಪ್ಪಿದ ದಿನ ಮುಂದಿನ ಊಟವನ್ನು ಎಂದಿನ ಹೊತ್ತಿಗೆ, ಎಂದಿನಷ್ಟು ಮಾಡಿ. ಉಪವಾಸ ಹಾಕಬೇಡಿ. ಶಿಕ್ಷೆ ಅಂತ ಒಂದು ಗಂಟೆ ಜಾಸ್ತಿ ಓಡಬೇಡಿ. ಆಪ್ತ ಗೆಳತಿಯೋ ತಮ್ಮನೋ ಹೀಗೆ ತಿಂದೆ ಅಂತ ಅತ್ತರೆ ಅವರಿಗೆ ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೂ ಹೇಳಿಕೊಳ್ಳಿ.

ತೂಕದ ಮಷೀನಿನ ಬಗ್ಗೆಯೂ ಒಂದು ಮಾತು. ದಿನದಿಂದ ದಿನಕ್ಕೆ ಒಂದೆರಡು ಕಿಲೋ ಹೆಚ್ಚು ಕಡಿಮೆ ಆಗುವುದು ನೀರಿನಿಂದ. ಉಪ್ಪು ಜಾಸ್ತಿ ತಿಂದರೆ, ಮುಟ್ಟಿನ ಹಿಂದಿನ ದಿನಗಳಲ್ಲಿ, ಮಲಬದ್ಧತೆ ಇದ್ದರೆ ಅಂಕಿ ಏರುತ್ತದೆ. ವಾರದ ಸರಾಸರಿ ನೋಡಿ. ಬೆಳಿಗ್ಗೆ ಕಂಡ ಆ ಅಂಕಿ ಇಡೀ ದಿನದ ಮನಸ್ಸು ಕೆಡಿಸುತ್ತದೆ ಅಂತಾದರೆ ಮಷೀನನ್ನು ಕೆಲವು ವಾರ ಕಪಾಟಿನ ಮೇಲಿಟ್ಟು, ಬಟ್ಟೆ ಎಷ್ಟು ಸಡಿಲವಾಯಿತು, ಮೆಟ್ಟಿಲು ಹತ್ತಿದಾಗ ಉಸಿರು ಹೇಗಿದೆ ಅಂತ ನೋಡಿಕೊಳ್ಳಿ.

ಹೆಜ್ಜೆ 5: ಬೇರೆಯವರ ಬಾಯಿ

"ಎಷ್ಟು ದಪ್ಪ ಆಗಿದ್ದೀಯ" ಅಂತ ಪ್ರೀತಿಯಿಂದಲೇ ಹೇಳುವವರಿದ್ದಾರೆ. ಹೇಳಿದರೆ ಛಲ ಬರುತ್ತದೆ ಅಂತ ಅವರ ನಂಬಿಕೆ. ಅಮೆರಿಕದ 6,000ಕ್ಕೂ ಹೆಚ್ಚು ವಯಸ್ಕರನ್ನು 2006ರಿಂದ 2010ರ ತನಕ ಗಮನಿಸಿದಾಗ ಕಂಡದ್ದು ಬೇರೆ. ಮೊದಲು ಬೊಜ್ಜಿಲ್ಲದಿದ್ದು, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ಮುಂದೆ ಬೊಜ್ಜಿಗೆ ತಿರುಗುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಅವಮಾನ ಯಾರನ್ನೂ ತೆಳ್ಳಗೆ ಮಾಡಿಲ್ಲ.

ಒಂದು ಉತ್ತರ ಸಿದ್ಧ ಇಟ್ಟುಕೊಳ್ಳಿ. ನಾನು ಹೇಳುತ್ತಿದ್ದದ್ದು: "ನನ್ನ ತೂಕದ ವಿಷಯ ನಾನು ನೋಡಿಕೊಳ್ಳುತ್ತಿದ್ದೇನೆ, ಅದರ ಬಗ್ಗೆ ಮಾತು ಬೇಡ. ಜೊತೆಗೆ ಒಂದು ಸುತ್ತು ನಡೆಯಲು ಬನ್ನಿ, ಅದು ನನಗೆ ಸಹಾಯ." ಮೊದಲ ಸಲ ಹೇಳುವಾಗ ದನಿ ನಡುಗುತ್ತದೆ. ಮೂರನೇ ಸಲಕ್ಕೆ ಸರಿಹೋಗುತ್ತದೆ. ಇದನ್ನು ಓದುತ್ತಿರುವ ನೀವೇ ಮನೆಯಲ್ಲಿ ಯಾರಿಗಾದರೂ ಹೀಗೆ ಹೇಳುವವರಾಗಿದ್ದರೆ, ದಯವಿಟ್ಟು ಇವತ್ತಿಗೆ ನಿಲ್ಲಿಸಿ. ಮಕ್ಕಳಿಗಂತೂ ಹೇಳಲೇಬೇಡಿ.

ಮನಸ್ಸು ಹಗುರ ಮಾಡುವ ಕೆಲಸಗಳಲ್ಲಿ ನಡಿಗೆಯ ಹಾಗೆ ಸುಲಭದ್ದು ಇನ್ನೊಂದಿಲ್ಲ. ತಿಂದದ್ದನ್ನು ಕರಗಿಸಲು ಅಂತ ನಡೆಯಬೇಡಿ, ತಲೆ ತಿಳಿಯಾಗಲಿ ಅಂತ ನಡೆಯಿರಿ, ಹದಿನೈದು ನಿಮಿಷವಾದರೂ ಸರಿ.

ಹೆಜ್ಜೆ 6: ಡಾಕ್ಟರ ಹತ್ತಿರ ಯಾವಾಗ

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಏರುಪೇರು ಅಂತಾದರೆ ತೂಕದ ಯೋಚನೆ ಸ್ವಲ್ಪ ಬದಿಗಿಟ್ಟು ಮೊದಲು ಮನೋವೈದ್ಯರನ್ನೋ ಕೌನ್ಸೆಲರನ್ನೋ ನೋಡಿ. ಬದುಕೇ ಬೇಡ ಅನಿಸುತ್ತಿದ್ದರೆ ಒಂದು ದಿನವೂ ಕಾಯಬೇಡಿ, ಹತ್ತಿರದವರಿಗೆ ಈಗಲೇ ಹೇಳಿ, ಅವರ ಜೊತೆ ಆಸ್ಪತ್ರೆಗೆ ಹೋಗಿ.

ಕಡಿಮೆ ಹೊತ್ತಿನಲ್ಲಿ ವಿಪರೀತ ತಿಂದು, ನಿಲ್ಲಿಸಲು ನನ್ನ ಕೈಲಿ ಆಗಲಿಲ್ಲ ಅನ್ನುವಂಥದ್ದು ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳಿಂದ ನಡೆಯುತ್ತಿದ್ದರೆ ಅದು ಬಿಂಜ್ ಈಟಿಂಗ್ ಎಂಬ ಕಾಯಿಲೆ ಇರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಪಟ್ಟಿ ಮಾಡಿದೆ, ಇದಕ್ಕೆ ಚಿಕಿತ್ಸೆ ಇದೆ. ತಿಂದದ್ದನ್ನು ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು ನಡೆಯುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಹೃದಯದ ಬಡಿತಕ್ಕೇ ಅಪಾಯವಾಗಬಹುದು.

ಕೆಲವರ ತೂಕದ ಹಿಂದೆ ಹಳೆಯ ನೋವಿರುತ್ತದೆ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದ ಡಾ. ವಿನ್ಸೆಂಟ್ ಫೆಲಿಟ್ಟಿ ಒಂದು ವಿಷಯ ಗಮನಿಸಿದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಕರೆದು ಮಾತಾಡಿಸಿದಾಗ ಅವರಲ್ಲಿ ಬಹಳ ಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು ಅಂತ ಗೊತ್ತಾಯಿತು. ಕೆಲವರಿಗೆ ಆ ದಪ್ಪ ಮೈ ಒಂದು ರಕ್ಷಣೆಯಾಗಿತ್ತು. ಬಾಲ್ಯದ ನೋವು ಮತ್ತು ದೊಡ್ಡವರಾದ ಮೇಲಿನ ಕಾಯಿಲೆಗಳ ಬಗ್ಗೆ 1998ರಲ್ಲಿ ಬಂದ ದೊಡ್ಡ ಅಧ್ಯಯನ ಹುಟ್ಟಿದ್ದು ಈ ಮಾತುಕತೆಗಳಿಂದ. ತೂಕ ಇಳಿದಂತೆಲ್ಲ ಭಯ ಏರುತ್ತದೆ ಅಂತ ನಿಮಗೆ ಅನಿಸುತ್ತಿದ್ದರೆ ಡಯಟ್ ಚಾರ್ಟ್ ಅದಕ್ಕೆ ಉತ್ತರವಲ್ಲ, ಇಂಥದ್ದರಲ್ಲಿ ಅನುಭವ ಇರುವ ಕೌನ್ಸೆಲರ್ ಬೇಕು.

ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೇ ತೂಕ ಏರುವುದುಂಟು. ಒಲಾಂಜಪೈನ್, ಮಿರ್ಟಜಪೈನ್, ವಾಲ್ಪ್ರೋಯೇಟ್ ಅಂಥವು. ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಬದಲಿ ಇದೆಯಾ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ಎಷ್ಟೋ ಸಲ ಇರುತ್ತದೆ. ಸುಸ್ತು, ಮಂಕು, ತೂಕ ಮೂರೂ ಒಟ್ಟಿಗೆ ಬಂದಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಹೋಗುವಾಗ ಆ ಎರಡು ವಾರದ ನೋಟ್‌ಬುಕ್ ಜೊತೆಗಿರಲಿ. ಡಾಕ್ಟರ ಎದುರು ಕೂತಾಗ ಬಾಯಿ ಕಟ್ಟಿಹೋಗುವುದು ನನಗೂ ಆಗಿದೆ, "ಏನಿಲ್ಲ, ಸ್ವಲ್ಪ ತೂಕ ಜಾಸ್ತಿ" ಅಂತ ಹೇಳಿ ಎದ್ದು ಬಂದಿದ್ದೇನೆ. ಎರಡನೇ ಸಲ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟೆ. ಅವರು ಒಂದು ಪುಟ ಓದಿ, ಬೆರಳಿಂದ ಹತ್ತೂವರೆಯ ಸಾಲು ತೋರಿಸಿ, "ಈ ಹೊತ್ತಿಗೆ ಏನಾಗುತ್ತದೆ ಹೇಳಿ" ಅಂದರು. ಮಾತು ಅಲ್ಲಿಂದ ಶುರುವಾಯಿತು.